ಇಂದಿರಾ ಆದ ಮೇಲೆ ಇನ್ನೊಬ್ಬ ಮಹಿಳೆ ಪ್ರಧಾನಿ ಆಗ್ತಾರಾ? ಒಂದು ತಿಂಗಳ ತಟ್ಟೆ ಇಡ್ಲಿ ಬೆಟ್ ಇದೆ

ವಿಜಯನಗರ_ಪೀಜಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕೆಎಎಸ್‌ಗೆ ಓದುತ್ತಾ ವಿಜಯನಗರದ ಪೀಜಿಯಲ್ಲಿ ಇದ್ದೇನೆ. ಒಂದು ರೂಮಿಗೆ ಮೂರು ಜನ. ಮೊನ್ನೆ ರಾತ್ರಿ ಕರೆಂಟ್ ಹೋಯಿತು. ಓದೋಕೆ ಆಗದೆ ಸುಮ್ನೆ ಹರಟೆಗೆ ಕೂತೆವು. ಜಪಾನಿನಲ್ಲಿ ಸನಾಯೆ ತಕಾಯಿಚಿ ಪ್ರಧಾನಿ ಆದ ಸುದ್ದಿಯಿಂದ ಶುರುವಾದ ಮಾತು ನಮ್ಮ ದೇಶಕ್ಕೆ ಬಂತು.

ಹಾಸನದ ಗೆಳೆಯ ಹೇಳಿದ, ಇನ್ನು 20 ವರ್ಷದೊಳಗೆ ನಮ್ಮಲ್ಲೂ ಮತ್ತೆ ಮಹಿಳೆ ಪ್ರಧಾನಿ ಆಗೇ ಆಗ್ತಾರೆ ಅಂತ. ರಾಯಚೂರಿನವನು ನಕ್ಕುಬಿಟ್ಟ. "ಏ, ನಮ್ಮ ಜನ ಹೆಂಗಸರಿಗೆ ಓಟು ಹಾಕಲ್ಲ, ಸುಮ್ನಿರು" ಅಂದ. ಜಗಳ ಏರಿ ಏರಿ ಒಂದು ತಿಂಗಳ ತಟ್ಟೆ ಇಡ್ಲಿ ಬೆಟ್‌ಗೆ ಬಂದು ನಿಂತಿತು. ತೀರ್ಪು ನಾನು ಹೇಳಬೇಕಂತೆ.

ಕರೆಂಟ್ ಬಂದ ಮೇಲೆ ಕೂತು ಲೆಕ್ಕ ಹಾಕಿದೆ. ಇಂದಿರಾ ಗಾಂಧಿ ಹತ್ಯೆಯಾಗಿದ್ದು 1984ರ ಅಕ್ಟೋಬರ್ 31ಕ್ಕೆ. ನಾನು ಹುಟ್ಟಿದ್ದು 2000ದಲ್ಲಿ. ನಾನು ಹುಟ್ಟುವುದಕ್ಕೆ 16 ವರ್ಷ ಮೊದಲೇ ಆ ಅಧ್ಯಾಯ ಮುಗಿದಿತ್ತು. ಅಲ್ಲಿಂದ ಇಲ್ಲಿಗೆ 41 ವರ್ಷ, ಒಬ್ಬರೂ ಇಲ್ಲ. 2024ರಲ್ಲಿ ಲೋಕಸಭೆಗೆ ಗೆದ್ದ 543 ಜನರಲ್ಲಿ ಹೆಂಗಸರು 74. ನಮ್ಮ ರಾಜ್ಯದ 28 ಸೀಟಿನಲ್ಲಿ ಮೂರು: ಬೆಂಗಳೂರು ಉತ್ತರ, ದಾವಣಗೆರೆ, ಚಿಕ್ಕೋಡಿ.

ನನ್ನ ಪ್ರಶ್ನೆ ಇಷ್ಟೇ. ಅಡ್ಡಿ ಇರುವುದು ಎಲ್ಲಿ? ಓಟು ಹಾಕೋ ಜನರಲ್ಲಾ, ಬೇರೆ ಕಡೆಯಾ? ಗೈಡಿನಲ್ಲಿರೋ ಉತ್ತರ ನನ್ನ ಹತ್ರಾನೂ ಇದೆ. ನೀವು ಕಂಡಿದ್ದು ಹೇಳಿ.

ಸಂವಿಧಾನ_ಮೇಷ್ಟ್ರು:

ಕೆಎಎಸ್‌ಗೆ ಓದುವವರು ಒಂದು ಸಣ್ಣ ವಿಷಯ ಗಮನಿಸಿ. ದೇಶದ ಅತ್ಯುನ್ನತ ಹುದ್ದೆ ರಾಷ್ಟ್ರಪತಿಯದು, ಪ್ರಧಾನಿಯದಲ್ಲ. ಆ ಲೆಕ್ಕದಲ್ಲಿ 2007ರಲ್ಲಿ ಪ್ರತಿಭಾ ಪಾಟೀಲ್, 2022ರಲ್ಲಿ ದ್ರೌಪದಿ ಮುರ್ಮು ಗೆದ್ದಾಗಿದೆ. ಸೋತವರನ್ನೂ ನೆನಪಿಡಿ. 2002ರಲ್ಲಿ ಕಲಾಂ ಎದುರು ಕ್ಯಾಪ್ಟನ್ ಲಕ್ಷ್ಮಿ ಸೆಹಗಲ್ ನಿಂತಿದ್ದರು, 2017ರಲ್ಲಿ ಕೋವಿಂದ್ ಎದುರು ಮೀರಾ ಕುಮಾರ್. ಉಪರಾಷ್ಟ್ರಪತಿಗೆ 2022ರಲ್ಲಿ ನಮ್ಮ ಮಂಗಳೂರಿನ ಮಾರ್ಗರೆಟ್ ಆಳ್ವ ನಿಂತು ಸೋತರು.

ಅಧಿಕಾರ ಇರೋದು ಪ್ರಧಾನಿ ಕೈಯಲ್ಲಿ, ನಿಜ. ಆದರೆ ಪ್ರಧಾನಿಯನ್ನು ಜನ ನೇರವಾಗಿ ಆರಿಸುವುದೂ ಇಲ್ಲ. 272 ಸಂಸದರ ಬೆಂಬಲ ಯಾರಿಗಿದೆಯೋ ಅವರು. ಹಾಗಾಗಿ ನಿಮ್ಮ ರಾಯಚೂರಿನ ಗೆಳೆಯನ ವಾದ ಬುಡದಲ್ಲೇ ಸ್ವಲ್ಪ ಸಡಿಲ.

ಮೂಡಿಗೆರೆ_ಅಕ್ಕ:

ರಾಯಚೂರಿನ ತಮ್ಮನಿಗೆ ಹೇಳಪ್ಪ, ಜನ ಹೆಂಗಸರಿಗೆ ಓಟು ಹಾಕಲ್ಲ ಅನ್ನೋದು ಸುಳ್ಳು. ನಾನು ಕಣ್ಣಾರೆ ಕಂಡಿದ್ದೇನೆ.

ನನಗೀಗ 58. 1978ರಲ್ಲಿ ಐದನೇ ಕ್ಲಾಸು. ಅಪ್ಪ ಅವ್ವ ಇಬ್ಬರೂ ಕಾಫಿ ತೋಟದ ಕೆಲಸಕ್ಕೆ ಹೋಗುತ್ತಿದ್ದರು, ನಾವು ಇದ್ದಿದ್ದು ಲೈನ್ ಮನೆಯಲ್ಲಿ. ಇಂದಿರಾ 1977ರಲ್ಲಿ ರಾಯ್‌ಬರೇಲಿಯಲ್ಲಿ ರಾಜ್ ನಾರಾಯಣ್ ಎದುರು ಸೋತಿದ್ದರು. ಪ್ರಧಾನಿ ಆಗಿದ್ದವರಿಗೆ ಲೋಕಸಭೆಯಲ್ಲಿ ಒಂದು ಕುರ್ಚಿಯೂ ಇಲ್ಲ. ಆಗ ನಮ್ಮ ಡಿ.ಬಿ. ಚಂದ್ರೇಗೌಡರು ಚಿಕ್ಕಮಗಳೂರು ಸೀಟು ಬಿಟ್ಟುಕೊಟ್ಟರು. ನವೆಂಬರ್‌ನಲ್ಲಿ ಉಪಚುನಾವಣೆ.

ನಮ್ಮ ಕಡೆ ಅಷ್ಟು ಜೀಪು ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಗಿಡದಲ್ಲಿ ಹಣ್ಣು ಕೆಂಪಾಗೋ ಹೊತ್ತು. ಎಲೆ ಮೇಲೆಲ್ಲ ಕೆಂಪು ಧೂಳು. "ಏಕ್ ಶೇರ್ನಿ ಸೌ ಲಂಗೂರ್, ಚಿಕ್‌ಮಗಳೂರ್ ಚಿಕ್‌ಮಗಳೂರ್" ಅಂತ ಮೈಕಿನಲ್ಲಿ ಕೂಗುತ್ತಿದ್ದರು. ಶೇರ್ನಿ ಅಂದ್ರೆ ಸಿಂಹಿಣಿ, ಲಂಗೂರ್ ಅಂದ್ರೆ ಮಂಗ ಅಂತ ನಮಗೆ ಆಗ ಒಂದೂ ಗೊತ್ತಿರಲಿಲ್ಲ. ನಮ್ಮೂರಿನ ಹೆಸರು ಬರುತ್ತಲ್ಲ ಅಂತ ನಾವು ಮಕ್ಕಳೂ ಕೂಗಿದ್ದೇ ಕೂಗಿದ್ದು.

ಒಂದು ಸಂಜೆ ಅವರು ಈ ದಾರಿಯಲ್ಲಿ ಬರ್ತಾರೆ ಅಂತ ಸುದ್ದಿ. ತೋಟದ ಹೆಂಗಸರೆಲ್ಲ ಸೊಂಟಕ್ಕೆ ಕಟ್ಟಿದ ಗೋಣಿ ಚೀಲ ಸಮೇತ ರಸ್ತೆ ಬದಿಯಲ್ಲಿ ನಿಂತರು. ಎರಡು ತಾಸು ಕಾದೆವು. ಕಾರು ನಿಲ್ಲಲಿಲ್ಲ, ಸ್ವಲ್ಪ ನಿಧಾನ ಮಾಡಿತು ಅಷ್ಟೇ. ನನಗೆ ಕಂಡಿದ್ದು ಇಷ್ಟು: ತಲೆ ಮೇಲೆ ಸೆರಗು, ಕೂದಲಲ್ಲಿ ಒಂದು ಬಿಳಿ ಗೆರೆ, ಎತ್ತಿದ ಕೈ. ಅವ್ವ ಮಾತ್ರ "ಅಯ್ಯೋ, ಇಷ್ಟು ಸಣ್ಣ ಹೆಂಗಸಾ!" ಅಂದಳು. ರೇಡಿಯೋದಲ್ಲಿ ಕೇಳಿ ಕೇಳಿ ಅವಳು ಏಳಡಿ ಎತ್ತರದ ಒಬ್ಬಳನ್ನು ಮನಸಿನಲ್ಲಿ ಇಟ್ಟುಕೊಂಡಿದ್ದಳು ಅನ್ನಿಸುತ್ತೆ.

ಎದುರು ನಿಂತವರು ಚಿಲ್ಲರೆ ಆಳಲ್ಲ. ಜನತಾ ಪಕ್ಷದಿಂದ ವೀರೇಂದ್ರ ಪಾಟೀಲರು, ಅದಾಗಲೇ ಮುಖ್ಯಮಂತ್ರಿ ಆಗಿದ್ದವರು. ಪಾಟೀಲರ ಪರ ಜಾರ್ಜ್ ಫರ್ನಾಂಡಿಸ್ ಬಂದು ಪ್ರಚಾರ ಮಾಡಿದರು. ಬೈದಿದ್ದೆಲ್ಲ ತುರ್ತು ಪರಿಸ್ಥಿತಿಗೆ. ಜೈಲಿಗೆ ಹಾಕಿಸಿದಳು, ಮಕ್ಕಳಾಗದಂತೆ ಬಲವಂತದ ಆಪರೇಷನ್ ಮಾಡಿಸಿದಳು ಅಂತ. ಅದು ಬೈಯಬೇಕಾದ್ದೇ, ನಾನು ಈಗಲೂ ಬೈತೀನಿ. ಆದರೆ ಹೆಂಗಸು, ಇವಳಿಂದ ಏನಾಗುತ್ತೆ ಅಂತ ನಮ್ಮ ಲೈನಿನಲ್ಲಿ ಒಬ್ಬರೂ ಅಂದಿದ್ದು ಕೇಳಲಿಲ್ಲ. ಸುಮಾರು 77 ಸಾವಿರ ಓಟಿನಲ್ಲಿ ಗೆದ್ದರು.

ಅವ್ವ ಯಾಕೆ ಓಟು ಹಾಕಿದಳು ಗೊತ್ತಾ? ದೊಡ್ಡವಳಾದ ಮೇಲೆ ಕೇಳಿದೆ. ಹೆಂಗಸು ಅಂತ ಹಾಕಿದೆ ಅನ್ನುತ್ತಾಳೇನೋ ಅಂದುಕೊಂಡಿದ್ದೆ. "ನಿನ್ನಜ್ಜನಿಗೆ ಗೇಣಿ ಗದ್ದೆ ಕೈಗೆ ಬಂತಲ್ಲ, ಅದಕ್ಕೆ" ಅಂದಳು. ಅದು ದೇವರಾಜ ಅರಸು ಕಾಲದ ಕಾನೂನು, 1974ರದ್ದು. ಇಂದಿರಾ ಬರೆದಿದ್ದಲ್ಲ. ಅವ್ವನಿಗೆ ಆ ಲೆಕ್ಕ ಬೇಡ. ಗದ್ದೆ ಬಂತು, ಕೈ ಗುರುತಿಗೆ ಹಾಕಿದಳು.

ಅಷ್ಟೆಲ್ಲ ಆಗಿ ಡಿಸೆಂಬರ್‌ನಲ್ಲಿ ದಿಲ್ಲಿಯವರು ಅವರನ್ನು ಲೋಕಸಭೆಯಿಂದಲೇ ಹೊರಹಾಕಿ ತಿಹಾರ್ ಜೈಲಿಗೆ ಕಳಿಸಿದರು. ಸುದ್ದಿ ಬಂದ ದಿನ ಅವ್ವ ಒಲೆ ಮುಂದೆ ಕೂತು ಕೇಳಿದ್ದು ನೆನಪಿದೆ. "ಹಂಗಾದ್ರೆ ನಾವು ಹಾಕಿದ ಓಟು ಏನಾಯ್ತು?" ಅಪ್ಪನ ಹತ್ರ ಉತ್ತರ ಇರಲಿಲ್ಲ.

ಆಮೇಲೂ ನೋಡಿ. ಇದೇ ಚಿಕ್ಕಮಗಳೂರು ಡಿ.ಕೆ. ತಾರಾದೇವಿಯವರನ್ನು ಲೋಕಸಭೆಗೆ ಕಳಿಸಿತು. ಉಡುಪಿ ಜೊತೆ ಸೇರಿಸಿದ ಮೇಲೆ 2014, 2019 ಎರಡು ಸಲ ಶೋಭಾ ಕರಂದ್ಲಾಜೆ. ನಮ್ಮ ಮೂಡಿಗೆರೆ ಮೋಟಮ್ಮನವರನ್ನು ವಿಧಾನಸಭೆಗೆ ಕಳಿಸಿತ್ತು, 2023ರಲ್ಲಿ ಅವರ ಮಗಳು ನಯನಾರನ್ನೂ ಕಳಿಸಿತು. ಎರಡು ಪಕ್ಷ, ಬೇರೆ ಬೇರೆ ಕಾಲ. ಜನರ ಮೇಲೆ ತಪ್ಪು ಹಾಕಬೇಡಿ.

ಒಗ್ಗರಣೆ:

ಅಕ್ಕನ ಕಥೆ ಚೆನ್ನಾಗಿದೆ. ಆದರೆ ಇಂದಿರಾ ಅಂದ್ರೆ ನೆಹರೂ ಮಗಳು ಅಲ್ವಾ? ಅಕ್ಕಪಕ್ಕದ ದೇಶ ನೋಡಿ. 1960ರಲ್ಲಿ ಲೋಕದಲ್ಲೇ ಮೊದಲ ಮಹಿಳಾ ಪ್ರಧಾನಿ ಆದ ಶ್ರೀಲಂಕಾದ ಸಿರಿಮಾವೋ ಬಂಡಾರನಾಯಕೆ, ಗಂಡ ಕೊಲೆಯಾದ ಮೇಲೆ ಬಂದವರು. ಪಾಕಿಸ್ತಾನದ ಬೆನಜೀರ್, ಪ್ರಧಾನಿ ಆಗಿದ್ದ ಭುಟ್ಟೋ ಅವರ ಮಗಳು. ಬಾಂಗ್ಲಾದೇಶದ ಖಾಲಿದಾ ಜಿಯಾ, ಅಲ್ಲಿನ ಅಧ್ಯಕ್ಷರಾಗಿದ್ದವರ ಹೆಂಡತಿ. ಅಲ್ಲಿನವರೇ ಹಸೀನಾ, ಮುಜೀಬರ ಮಗಳು. ಮನೆತನದ ಹೆಸರಿಗೆ ಬಿದ್ದ ಓಟನ್ನು ಹೆಂಗಸಿಗೆ ಬಿದ್ದ ಓಟು ಅಂದ್ರೆ ಹೇಗೆ? ಈಗ ನೀವೇ ಹೇಳಿದ ನಯನಾ ಕೂಡ ಮಗಳೇ.

ಮನೆತನ ಇಲ್ಲದೆ ಮೇಲೆ ಬಂದವರು ಮಮತಾ, ಮಾಯಾವತಿ. ಅವರಿಬ್ಬರಿಗೂ ಸಿಎಂ ಕುರ್ಚಿವರೆಗೆ ಮಾತ್ರ ದಾರಿ ಇತ್ತು. ಜಯಲಲಿತಾ ಹುಟ್ಟಿದ್ದು ನಮ್ಮ ಮೇಲುಕೋಟೆಯಲ್ಲಿ, ಸಿಎಂ ಆಗಿದ್ದು ತಮಿಳುನಾಡಿಗೆ. ಇಲ್ಲೇ ಇದ್ದಿದ್ದರೆ ಏನಾಗುತ್ತಿದ್ದರೋ! ಕರ್ನಾಟಕಕ್ಕೆ ಇವತ್ತಿನವರೆಗೂ ಒಬ್ಬ ಮಹಿಳಾ ಮುಖ್ಯಮಂತ್ರಿ ಇಲ್ಲ.

ಜರ್ಸಿ_ಕನ್ನಡಿಗ:

ನಾನು ಮೂಲತಃ ತುಮಕೂರಿನವನು, ನ್ಯೂಜರ್ಸಿಗೆ ಬಂದು 22 ವರ್ಷ. ಇಲ್ಲಿನ ಪ್ರಜೆಯಾದ ಮೇಲೆ ಮೊದಲ ಸಲ ಓಟು ಹಾಕಿದ್ದು 2016ರಲ್ಲಿ. ಆ ರಾತ್ರಿ ಹೆಂಡತಿ ಚಿತ್ರಾನ್ನ ಮಾಡಿಟ್ಟುಕೊಂಡು ಟಿವಿ ಮುಂದೆ ಕೂತಿದ್ದಳು. ಹನ್ನೊಂದು ಗಂಟೆಗೆ ಚಿತ್ರಾನ್ನ ತಣ್ಣಗಾಗಿತ್ತು, ಟಿವಿ ಆರಿಸಿ ಮಲಗಿದೆವು. ಹಿಲರಿಗೆ ದೇಶದ ಒಟ್ಟು ಲೆಕ್ಕದಲ್ಲಿ ಟ್ರಂಪ್‌ಗಿಂತ 28 ಲಕ್ಷಕ್ಕೂ ಜಾಸ್ತಿ ಓಟು ಬಿದ್ದಿತ್ತು. ಆದರೂ ಸೋಲು, ಯಾಕಂದ್ರೆ ಇಲ್ಲಿ ಗೆಲುವು ತೀರ್ಮಾನ ಆಗೋದು ರಾಜ್ಯವಾರು ಎಲೆಕ್ಟೋರಲ್ ಓಟಿನಲ್ಲಿ. 2024ರಲ್ಲಿ ಕಮಲಾ ಹ್ಯಾರಿಸ್‌ಗೆ ಒಟ್ಟು ಓಟೂ ಜಾಸ್ತಿ ಬೀಳಲಿಲ್ಲ, ಗೆಲ್ಲೋಕೆ 270 ಎಲೆಕ್ಟೋರಲ್ ಓಟು ಬೇಕಿದ್ದಲ್ಲಿ 226ಕ್ಕೆ ನಿಂತರು. ಬೈಡನ್ ಜುಲೈ 21ಕ್ಕೆ ಹಿಂದೆ ಸರಿದರು, ಚುನಾವಣೆ ನವೆಂಬರ್ 5ಕ್ಕೆ. ಮೂರೂವರೆ ತಿಂಗಳಲ್ಲಿ ಏನು ಮಾಡೋಕಾಗುತ್ತೆ?

ನನ್ನ ಆಫೀಸಿನಲ್ಲಿ ಒಬ್ಬ, ಒಳ್ಳೆ ಮನುಷ್ಯ, "ಹೆಂಗಸು ಆಗಬಾರದು ಅಂತಲ್ಲ, ಈ ಹೆಂಗಸು ಬೇಡ" ಅಂದ. 2016ರಲ್ಲೂ ಅಂದ, 2024ರಲ್ಲೂ ಅಂದ. ಹಾಗಾದ್ರೆ ಯಾವ ಹೆಂಗಸು ಅಂತ ಕೇಳಿದೆ. ಕಾಫಿ ಮೆಷಿನ್ ಕಡೆ ಹೋದ. ಆದ್ದರಿಂದ ಓಟು ಹಾಕುವವರು ಪೂರ್ತಿ ಸಾಚಾ ಅಂತ ನಾನು ಒಪ್ಪಲ್ಲ ಅಕ್ಕ.

ಪಕ್ಕದ ಮೆಕ್ಸಿಕೋದಲ್ಲಿ 2024ರ ಜೂನ್‌ನಲ್ಲಿ ಕ್ಲಾಡಿಯಾ ಶೇನ್‌ಬಾಮ್ ಗೆದ್ದರು. ಅದೂ ನೇರ ಚುನಾವಣೆಯೇ. ಎದುರು ನಿಂತ ದೊಡ್ಡ ಅಭ್ಯರ್ಥಿಯೂ ಹೆಂಗಸೇ. ಅಲ್ಲಿ 2014ರಲ್ಲೇ ಸಂಸತ್ತಿನ ಚುನಾವಣೆಗೆ ಪಕ್ಷಗಳು ನಿಲ್ಲಿಸೋ ಅಭ್ಯರ್ಥಿಗಳಲ್ಲಿ ಅರ್ಧ ಹೆಂಗಸರೇ ಇರಬೇಕು ಅಂತ ಸಂವಿಧಾನದಲ್ಲೇ ಬರೆದುಬಿಟ್ಟರು.

ಮೂಡಿಗೆರೆ_ಅಕ್ಕ:

ಜರ್ಸಿಯವರೇ, ನಿಮ್ಮ ಕಾಫಿ ಮೆಷಿನ್ ಮನುಷ್ಯ ನಮ್ಮ ಕಡೆಯೂ ಇದ್ದಾನೆ, ಒಪ್ಪಿದೆ. ಆದರೆ ನಿಮ್ಮ ಮೆಕ್ಸಿಕೋ ಮಾತೇ ನನ್ನ ಮಾತು. ಬಾಗಿಲು ಇರೋದು ಅಭ್ಯರ್ಥಿ ಆರಿಸೋ ಕೋಣೆಗೆ.

ಒಗ್ಗರಣೆಯವರು ನೆಹರೂ ಮಗಳು ಅಂದರು. ಹೌದು. ಆದರೆ 1966ರಲ್ಲಿ ಅವರನ್ನು ಪ್ರಧಾನಿ ಮಾಡಿದ್ದು ಜನ ಅಲ್ಲ. ಆಗ ಅವರು ರಾಜ್ಯಸಭೆ ಸದಸ್ಯೆ. ಕಾಮರಾಜ್ ಮತ್ತೆ ಕಾಂಗ್ರೆಸ್ಸಿನ ಹಿರಿಯರು ಕೂತು ಲೆಕ್ಕ ಹಾಕಿದರು. ಮೊರಾರ್ಜಿ ಮಾತು ಕೇಳಲ್ಲ, ಈ ಹುಡುಗಿ ಕೇಳ್ತಾಳೆ ಅಂತ. ಪಕ್ಷದ ಸಂಸದರ ಓಟಿನಲ್ಲಿ 355 ಇವರಿಗೆ, 169 ಮೊರಾರ್ಜಿಗೆ. ಗೂಂಗಿ ಗುಡಿಯಾ ಅಂತ ಹಂಗಿಸಿದವರೂ ಇದ್ದರು, ಮೂಕ ಗೊಂಬೆ ಅಂತ. ಗೊಂಬೆ ಬಾಯಿ ಬಿಟ್ಟಾಗ ಏನಾಯಿತು? 1969ರಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದು ಜಗಳ ಬೀದಿಗೆ ಬಂತು. ನವೆಂಬರ್‌ನಲ್ಲಿ ಪಕ್ಷದ ಅಧ್ಯಕ್ಷರು, ನಮ್ಮ ನಿಜಲಿಂಗಪ್ಪನವರೇ, ಪ್ರಧಾನಿಯನ್ನು ಪಕ್ಷದಿಂದ ಹೊರಹಾಕಿದರು. ಕರ್ನಾಟಕದವರು ಅವರನ್ನು ಹೊರಗೂ ಹಾಕಿದ್ದೇವೆ, ಕರೆದು ಒಳಗೂ ಕೂರಿಸಿದ್ದೇವೆ.

ಸುಷ್ಮಾ ಸ್ವರಾಜ್ ವಿಷಯ ತಗೊಳ್ಳಿ. 1999ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಕನ್ನಡದಲ್ಲೇ ಭಾಷಣ ಮಾಡಿದರು. ಸೋನಿಯಾ ಎದುರು ಸುಮಾರು 56 ಸಾವಿರದಿಂದ ಸೋತರು. ಬಳ್ಳಾರಿಯವರು ಆ ಸಲ ಯಾರನ್ನು ಗೆಲ್ಲಿಸಿದ್ದರೂ ಗೆಲ್ಲುತ್ತಿದ್ದುದು ಹೆಂಗಸೇ ಅಲ್ವಾ? ಆಮೇಲೆ 2009ರಿಂದ 2014ರವರೆಗೆ ಲೋಕಸಭೆಯಲ್ಲಿ ವಿರೋಧ ಪಕ್ಷದ ನಾಯಕಿ ಆಗಿದ್ದರು. ಬೇರೆ ದೇಶಗಳಲ್ಲಿ ಆ ಕುರ್ಚಿಯವರೇ ಮುಂದಿನ ಪ್ರಧಾನಿ ಅಭ್ಯರ್ಥಿ. 2013ರಲ್ಲಿ ಪಕ್ಷ ಬೇರೆಯವರನ್ನು ಆರಿಸಿತು. ಅದು ಪಕ್ಷದ ಇಷ್ಟ, ಒಳ್ಳೆಯದೋ ಕೆಟ್ಟದ್ದೋ ಅನ್ನೋ ಜಗಳ ಇಲ್ಲಿ ಬೇಡ. ತೀರ್ಮಾನ ಆಗಿದ್ದು ಎಲ್ಲಿ ಅಂತ ನೋಡಿ, ಅಷ್ಟೇ.

ಇನ್ನು ನನ್ನ ಕಥೆ. 1993ರಲ್ಲಿ ಹೊಸ ಪಂಚಾಯತ್ ಕಾನೂನು ಬಂದು ಮೂರನೇ ಒಂದು ಭಾಗ ಹೆಂಗಸರಿಗೆ ಮೀಸಲಾಯಿತು. ಹೆಂಗಸರ ಮೀಸಲಾತಿ ನಮ್ಮ ರಾಜ್ಯಕ್ಕೆ ಹೊಸದಲ್ಲ, ಮುಖ್ಯಮಂತ್ರಿ ಹೆಗಡೆ, ಪಂಚಾಯತ್ ಮಂತ್ರಿ ನಜೀರ್ ಸಾಬ್ ಕಾಲದಲ್ಲೇ ನಾಲ್ಕನೇ ಒಂದು ಭಾಗ ಇತ್ತು. ನನಗೆ ಆಗ 26. ನಮ್ಮ ವಾರ್ಡಿಗೆ ಮಹಿಳಾ ಮೀಸಲು ಬಂತು, ಎಸ್ಸೆಸ್ಸೆಲ್ಸಿ ಓದಿದವಳು ನಾನೊಬ್ಬಳೇ ಇದ್ದೆ, ನಿಲ್ಲಿಸಿದರು, ಗೆದ್ದೆ. ಮೊದಲ ಮೀಟಿಂಗಿಗೆ ನನ್ನ ಗಂಡ ಸೈಕಲ್ಲಿನಲ್ಲಿ ಬಿಡಲು ಬಂದರು. ಕಾರ್ಯದರ್ಶಿ ಕಾಗದ ಓದುವಾಗೆಲ್ಲ ಬಾಗಿಲ ಹೊರಗೆ ನಿಂತ ನನ್ನ ಗಂಡನ ಮುಖ ನೋಡುತ್ತಿದ್ದರು. ಕೊನೆಗೆ ಇವರು ಅಲ್ಲಿಂದಲೇ "ಅವಳನ್ನೇ ಕೇಳಿ ಸ್ವಾಮಿ, ನಂಗೆ ಇದೆಲ್ಲ ತಲೆಗೆ ಹೋಗಲ್ಲ" ಅಂದು ಬೀಡಿ ಹಚ್ಚೋಕೆ ಹೋದರು. ನನ್ನ ರಾಜಕೀಯಕ್ಕೆ ಅವರು ಮಾಡಿದ ದೊಡ್ಡ ಉಪಕಾರ ಅದು.

ಐದು ವರ್ಷದಲ್ಲಿ ಲೈನ್ ಮನೆಗಳಿಗೆ ನಲ್ಲಿ ನೀರು ತರಿಸಿದೆ, ಎರಡು ಮೋರಿ ಕಟ್ಟಿಸಿದೆ. ಮುಂದೆ ತಾಲ್ಲೂಕು ಪಂಚಾಯ್ತಿಗೆ ನಿಲ್ಲೋಣ ಅನ್ನಿಸಿತು. ಒಂದು ಪಕ್ಷದ ಕಚೇರಿಗೆ ಹೋದೆ. ಯಾವ ಪಕ್ಷ ಅಂತ ಕೇಳಬೇಡಿ, ಎಲ್ಲ ಕಡೆ ಅದೇ ಕೋಣೆ. ಹದಿನಾಲ್ಕು ಗಂಡಸರು, ಮಧ್ಯೆ ಒಂದು ತಟ್ಟೆ ಬೋಂಡಾ. ಮೂರು ಪ್ರಶ್ನೆ ಕೇಳಿದರು. ಯಜಮಾನರು ಏನಂತಾರೆ? ಎಷ್ಟು ಹಾಕ್ತೀರಿ? ಇದು ಮಹಿಳಾ ಮೀಸಲು ಅಲ್ಲವಲ್ಲಮ್ಮ, ಜನರಲ್ ಸೀಟು, ಗಂಡಸರಿಗೆ ಬಿಡಿ?

ಮೂರನೆಯದು ಪ್ರಶ್ನೆಯೇ ಅಲ್ಲ. ಜನರಲ್ ಅಂದ್ರೆ ಎಲ್ಲರಿಗೂ ಅಂತ ನಾನು ತಿಳಿದಿದ್ದೆ. ಅಲ್ಲಿ ಗೊತ್ತಾಯಿತು, ಜನರಲ್ ಅಂದ್ರೆ ಗಂಡಸರ ಮೀಸಲು. ನನ್ನ ಹಿಂದೆ ಬಂದವನು ಪಂಚಾಯ್ತಿ ಕಟ್ಟಡದ ಒಳಗೆ ಕಾಲಿಟ್ಟವನಲ್ಲ. ಅವನಿಗೆ ಆಯಿತು. ಬೋಂಡಾ ನನಗೂ ಕೊಟ್ಟರು, ಸುಳ್ಳು ಯಾಕೆ ಹೇಳಲಿ.

ಈಗ ನಿಮ್ಮ ಬೆಟ್. 2019, 2024 ಎರಡು ಲೋಕಸಭೆ ಚುನಾವಣೆಯಲ್ಲೂ ಓಟು ಹಾಕಿದ ಪ್ರಮಾಣ ನೋಡಿದರೆ ಗಂಡಸರಿಗಿಂತ ಹೆಂಗಸರೇ ಕೊಂಚ ಮುಂದೆ. ಆದರೆ 2024ರಲ್ಲಿ ನಿಂತ ಅಭ್ಯರ್ಥಿಗಳಲ್ಲಿ ನೂರಕ್ಕೆ ಹತ್ತು ಜನವೂ ಹೆಂಗಸರಲ್ಲ. ನಮ್ಮ ವಿಧಾನಸಭೆಯ 224ರಲ್ಲಿ 2023ರಲ್ಲಿ ಗೆದ್ದಿದ್ದು 10. 20 ವರ್ಷಕ್ಕೆ ಪ್ರಧಾನಿ ಆಗಬೇಕಾದವಳಿಗೆ ಈಗ ಮೂವತ್ತೈದೋ ನಲವತ್ತೋ ಆಗಿರಬೇಕು, ಎಲ್ಲೋ ಒಂದು ಕಡೆ ಗೆದ್ದು ಕೂತಿರಬೇಕು. ಆ ಹತ್ತರಲ್ಲಿ, ಆ 74ರಲ್ಲಿ ಹುಡುಕಿ. ಲೋಕಸಭೆ, ವಿಧಾನಸಭೆಯಲ್ಲಿ ಹೆಂಗಸರಿಗೆ 33 ಪರ್ಸೆಂಟ್ ಸೀಟು ಮೀಸಲಿಡೋ ಕಾನೂನು 2023ರಲ್ಲಿ ಪಾಸಾಗಿದೆ, ಆದರೆ ಜನಗಣತಿ ಆಗಬೇಕು, ಕ್ಷೇತ್ರ ಹೊಸದಾಗಿ ವಿಂಗಡಿಸಬೇಕು, ಆಮೇಲೆ ಜಾರಿ ಅಂತ ಅದರಲ್ಲೇ ಬರೆದಿದೆ. ಕೆಳಗಿನ ಮೆಟ್ಟಿಲು ನೋಡಿದರೆ ನಮ್ಮ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗೆ ಚುನಾವಣೆ ಆಗಿದ್ದು 2016ರಲ್ಲೇ ಕೊನೆ. ಏಣಿಯ ಕೆಳಗಿನ ಮೆಟ್ಟಿಲು ಮುರಿದಿಟ್ಟು ಮೇಲೆ ಯಾರು ಬರ್ತಾರೆ ಅಂತ ಬೆಟ್ ಕಟ್ಟಿದರೆ ಹೇಗಪ್ಪ?

ಒಗ್ಗರಣೆ:

ಜನರಲ್ ಅಂದ್ರೆ ಗಂಡಸರ ಮೀಸಲು. ಸರಿ ಅಕ್ಕ, ಸೋತೆ. ಮನೆತನದ ಮಾತು ಮಾತ್ರ ವಾಪಸ್ ತಗೊಳ್ಳಲ್ಲ.

ಮೂಡಿಗೆರೆ_ಅಕ್ಕ:

ತಗೋಬೇಡಿ. ಆ ಕೋಣೆಯ ಬಾಗಿಲು ಕೇಳದೆ ತೆರೆಯೋದು ಮನೆತನದ ಹೆಸರಿಗೇ. ಗಂಡು ಮಕ್ಕಳಿಗೂ ಹಾಗೇ ತೆರೆಯುತ್ತೆ, ಅವರನ್ನು ಯಾರೂ "ಮಗ" ಅಂತ ಎತ್ತಿ ಆಡಲ್ಲ, ಅಷ್ಟೇ ವ್ಯತ್ಯಾಸ.

ವಿಜಯನಗರ_ಪೀಜಿ:

ಪೂರ್ತಿ ಥ್ರೆಡ್ಡನ್ನು ರೂಮಿನಲ್ಲಿ ಗಟ್ಟಿಯಾಗಿ ಓದಿದೆ. ರಾಯಚೂರಿನವನು ಜನ ಓಟು ಹಾಕಲ್ಲ ಅನ್ನೋದನ್ನು ಬಿಟ್ಟ, ಆದರೆ ಬೆಟ್ ಬಿಡಲಿಲ್ಲ. ಈಗ ಅವನ ವಾದ, "ಟಿಕೆಟ್ ಕೊಡಲ್ಲ, ಅದಕ್ಕೇ ಆಗಲ್ಲ" ಅಂತ. ಹಾಸನದವನು 20 ವರ್ಷವನ್ನು 25ಕ್ಕೆ ಏರಿಸಿ ಅಂತ ಚೌಕಾಸಿ ಮಾಡ್ತಿದ್ದಾನೆ. ತಟ್ಟೆ ಇಡ್ಲಿ ದುಡ್ಡು ಇಬ್ಬರೂ ನನ್ನ ಹತ್ರ ಇಟ್ಟಿದ್ದಾರೆ, 25 ವರ್ಷ ಇಟ್ಟುಕೊಂಡಿರೋ ನಂಬಿಕೆ ನನಗೇ ಇಲ್ಲ.

ಅಕ್ಕ, ಒಂದು ಕೇಳಲಾ? 1978ರಲ್ಲಿ ನಿಮ್ಮ ಮನೆಯಲ್ಲಿ ಓಟು ಹಾಕಿದ್ದು ಅವ್ವ ಒಬ್ಬರೇನಾ?

ಮೂಡಿಗೆರೆ_ಅಕ್ಕ:

ಅಪ್ಪನೂ ಹಾಕಿದ, ಯಾರಿಗೆ ಅಂತ ಸಾಯೋವರೆಗೂ ಹೇಳಲಿಲ್ಲ. ನಮ್ಮಕ್ಕ ಒಬ್ಬಳಿದ್ದಳು, ಅವಳಿಗೆ ಆಗ ಇಪ್ಪತ್ತು. ಆ ಕಾಲದಲ್ಲಿ ಓಟಿಗೆ 21 ಆಗಬೇಕಿತ್ತು, 18ಕ್ಕೆ ಇಳಿದಿದ್ದು 1989ರಲ್ಲಿ. ಅವ್ವನ ಜೊತೆ ಬೂತಿನವರೆಗೆ ಹೋಗಿ ಹೊರಗೆ ಹಲಸಿನ ಮರದ ಕೆಳಗೆ ಮುಖ ಊದಿಸಿಕೊಂಡು ಕೂತಿದ್ದಳು. 1980ರ ಚುನಾವಣೆ ಹೊತ್ತಿಗೆ ಅವಳಿಗೆ 21 ಆಗಿತ್ತು, ಪಟ್ಟಿಯಲ್ಲಿ ಹೆಸರೂ ಬಂತು. ಇಂದಿರಾ ಆ ಸಲ ರಾಯ್‌ಬರೇಲಿ, ಮೇದಕ್ ಎರಡು ಕಡೆ ನಿಂತರು. ನಮ್ಮ ಕಡೆ ಇಲ್ಲ.